ಖಾಲಿ ಜಾಗದ ಡಾಕ್ಟರು

ಆ ಡಾಕ್ಟರಿಗೆ ಹೆಸರಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವನಿಗೆ ಹೆಸರು ಬಂತು, ಹೆಸರಿನ ಹಿಂದೆ ಸಾಲು ಡಿಗ್ರಿ ಬಂದವು, ಮೂವತ್ತು ವರ್ಷದ ಅನುಭವವೂ ಬಂತು. ನನ್ನ ಹತ್ತಿರ ಇದ್ದಾಗ ಅವನು ಬರೀ ಒಂದು ಫೋಟೋ. ಬಿಳಿ ಕೋಟು, ಕತ್ತಿನಲ್ಲಿ ಸ್ಟೆಥಾಸ್ಕೋಪು, ಕೈಕಟ್ಟಿಕೊಂಡು ನಗುವ ಮುಖ. ನನ್ನ ಕಂಪ್ಯೂಟರಿನಲ್ಲಿ ಗಣಪತಿ, ಕಳಶ, ಬಾಳೆಕಂಬ, ಓಲಗದವರ ಚಿತ್ರಗಳ ಜೊತೆ ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದ. ಎಲ್ಲಿಂದ ಇಳಿಸಿಕೊಂಡಿದ್ದೆನೋ ನನಗೇ ನೆನಪಿಲ್ಲ.

ನನ್ನ ಹೆಸರು ಜ್ಯೋತಿಲಕ್ಷ್ಮಿ. ಮತ್ತಿಕೆರೆಯಲ್ಲಿ ಹದಿನಾಲ್ಕು ವರ್ಷದಿಂದ ಜ್ಯೋತಿ ಡಿಟಿಪಿ ಎಂಬ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಬಾಡಿಗೆ ಕರಾರು, ಮದುವೆ ಕಾರ್ಡು, ತಿಥಿ ಕಾರ್ಡು ಎಲ್ಲ ಮಾಡುತ್ತೇನೆ. ಬಾಯಿ ಜೋರು ಎಂದು ಬೀದಿಯಲ್ಲೆಲ್ಲ ಹೆಸರಿದೆ, ಇರಲಿ. ಕನ್ನಡದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಗಿರಾಕಿ ಬೇಡ ಎಂದರೂ ತಿದ್ದಿಯೇ ಕೊಡುತ್ತೇನೆ. ಅದು ನನ್ನ ಹೆಮ್ಮೆಯಾಗಿತ್ತು.

ನಮ್ಮ ಕಸುಬಿನಲ್ಲಿ ಎರಡು ಮಾತಿವೆ. ಒಂದು: ಮ್ಯಾಟರ್ ಗಿರಾಕಿಯದು, ಅಕ್ಷರ ನಮ್ಮದು. ಮದುವೆ ಕಾರ್ಡಿನಲ್ಲಿ ಹುಡುಗನ ಹೆಸರಿನ ಮುಂದೆ ಬಿ.ಇ. ಎಂದು ಬರೆಸಿದರೆ, ಮಾರ್ಕ್ಸ್ ಕಾರ್ಡ್ ತೋರಿಸಿ ಎಂದು ಕೇಳುತ್ತೇವೆಯೇ? ಎರಡು: ಖಾಲಿ ಜಾಗ ಬಿಡಬಾರದು. ಕಾಗದದಲ್ಲಿ ಅಂಗೈಯಗಲ ಬಿಳಿ ಉಳಿದರೆ ಗಿರಾಕಿ ತನಗೆ ಮೋಸವಾಯಿತು ಅಂದುಕೊಳ್ಳುತ್ತಾನೆ. ಒಂದು ಹೂವೋ, ಬಳ್ಳಿಯೋ, ದೀಪವೋ ಏನಾದರೂ ತುಂಬಬೇಕು. ಈ ಎರಡು ಮಾತನ್ನೂ ನಾನು ಕಣ್ಣಿಗೊತ್ತಿಕೊಂಡು ಪಾಲಿಸಿದೆ.

ಎರಡು ಸಾವಿರದ ಹದಿನೈದರಲ್ಲಿ ದೊಡ್ಡಮುನಿಯಪ್ಪನವರು ಬಂದರು. ನಮ್ಮ ಬೀದಿಯವರೇ, ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಹಿಂದಿನ ವರ್ಷ ಅವರ ಹೆಂಡತಿ ಎದೆಯ ಕ್ಯಾನ್ಸರಿನಲ್ಲಿ ಹೋಗಿದ್ದರು. ವರ್ಷದ ತಿಥಿ ಹತ್ತಿರ ಬಂದಿತ್ತು. ನಮ್ಮ ಕಡೆ ವರ್ಷದ ತಿಥಿಗೆ ಸತ್ತವರ ಹೆಸರು ಕೆತ್ತಿಸಿ ಸ್ಟೀಲ್ ತಟ್ಟೆಯೋ ಲೋಟವೋ ಹಂಚುತ್ತಾರೆ.

"ತಟ್ಟೆ ಲೋಟ ಎಲ್ರ ಮನೇಲೂ ಅಟ್ಟದ್ ಮ್ಯಾಲೆ ಬಿದ್ದವೆ ಕಣಮ್ಮ" ಅಂದರು. "ನಾನು ನಾಲ್ಕ್ ಜನಕ್ಕೆ ಉಪಯೋಗ ಆಗೋದು ಹಂಚ್ತೀನಿ. ನಮ್ಮೋಳ್ ಥರ ಇನ್ನೊಬ್ಳು ಸಾಯ್ಬಾರ್ದು."

ಜೇಬಿನಿಂದ ಒಂದು ಪ್ರಿಂಟ್ ತೆಗೆದರು. ಯಾವುದೋ ಜಾಲತಾಣದ್ದು. ಎದೆಯ ಗಡ್ಡೆಗೆ ಲಕ್ಷ್ಮಣಫಲದ ಎಲೆಯ ಕಷಾಯ, ಆಪರೇಷನ್ ಬೇಡ, ಸೂಜಿ ಪರೀಕ್ಷೆಯಂತೂ ಬೇಡವೇ ಬೇಡ ಎಂದು ಅದರ ಸಾರಾಂಶ. ಕನ್ನಡವೋ, ದೇವರೇ ಕಾಪಾಡಬೇಕು. "ಸೂಜಿಯಿಂದ ಪರೀಕ್ಷಿಸಲ್ಪಟ್ಟ ಗಡ್ಡೆಯು ಕೋಪಗೊಂಡು ದೇಹದ ಎಲ್ಲ ಕಡೆಗೆ ನಡೆಯಲು ಹೋಗುತ್ತದೆ" ಎಂದಿತ್ತು. ನಾನು ಓದಿ ಬಿದ್ದು ಬಿದ್ದು ನಕ್ಕೆ.

"ಅಂಕಲ್, ಇದು ಯಾರು ಹೇಳಿರೋದು?"

"ನೆಟ್ಟಲ್ಲಿ ಐತಲ್ಲಮ್ಮ. ಫಾರಿನ್ ಯೂನಿವರ್ಸಿಟಿನೋರು ಕಂಡು ಹಿಡ್ದವ್ರಂತೆ."

"ಯಾವ ಫಾರಿನ್ನು?"

"ಫಾರಿನ್ ಅಂದ್ರೆ ಫಾರಿನ್ ಕಣಮ್ಮ. ನೀನೊಳ್ಳೆ!"

ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ. ಆ ಉತ್ತರಕ್ಕೆ ಇನ್ನೊಮ್ಮೆ ನಕ್ಕು ಕೀಬೋರ್ಡಿನ ಮೇಲೆ ಕೈ ಇಟ್ಟೆ. ಆ ನಗುವನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ತಿದ್ದಿದೆ. ಒಂದೊಂದು ಸಾಲನ್ನೂ ತಿದ್ದಿದೆ. "ಗಡ್ಡೆಗೆ ಸೂಜಿ ತಾಗಿದರೆ ರೋಗ ಇಡೀ ದೇಹಕ್ಕೆ ಹರಡುತ್ತದೆ" ಎಂದು ಅಚ್ಚುಕಟ್ಟಾಗಿ ಬರೆದೆ. ಆ ಕೊಳಕು ಕನ್ನಡವೇ ಆ ಬರಹದ ಕಳ್ಳ ಮುಖವಾಗಿತ್ತು. ಓದಿದ ಯಾರಿಗಾದರೂ ಒಂದು ಅನುಮಾನ ಬರುತ್ತಿತ್ತು. ನಾನು ಆ ಮುಖ ತೊಳೆದು, ಪೌಡರ್ ಹಚ್ಚಿ, ಬೊಟ್ಟಿಟ್ಟು ಕಳಿಸಿದೆ. ಕಷಾಯ ದಿನಕ್ಕೆ ಎಷ್ಟು ಹೊತ್ತು ಕುಡಿಯಬೇಕು ಎಂದು ಅದರಲ್ಲಿ ಇರಲೇ ಇಲ್ಲ. ಕೇಳಿದ್ದಕ್ಕೆ, "ಮೂರೊತ್ತು ಅಂತ ಆಕು, ಮಾತ್ರೆನೂ ಅಂಗೇ ಅಲ್ವಾ ಕೊಡೋದು?" ಅಂದರು. ಹಾಕಿದೆ.

ಬಾರ್ಡರಿಗೆ ನನ್ನ ಹತ್ತಿರ ಒಂದು ಮಾದರಿ ಇತ್ತು. ನಮ್ಮಕ್ಕ ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ. ಅಲ್ಲಿಗೆ ಬರುವ ಆರೋಗ್ಯದ ಕರಪತ್ರಗಳನ್ನು "ನಿನ್ ಕೆಲ್ಸಕ್ಕೆ ಬಂದಾತು" ಎಂದು ನನಗೆ ತಂದುಕೊಡುತ್ತಿದ್ದಳು. ಹಸಿರು ಬಾರ್ಡರು, ದಪ್ಪ ತಲೆಬರಹ, ಕೆಳಗೆ ಚೌಕದಲ್ಲಿ ವೈದ್ಯರ ಸಲಹೆ. ಅದನ್ನೇ ಇಳಿಸಿದೆ. ಎಲ್ಲ ಕೂತ ಮೇಲೆ ಬಲಗಡೆ ಕೆಳಗೆ ಅಂಗೈಯಗಲ ಜಾಗ ಉಳಿಯಿತು. ಆ ಡಾಕ್ಟರನ್ನು ತಂದು ಕೂರಿಸಿದೆ. ಅಳತೆ ಮಾಡಿಸಿದ ಹಾಗೆ ಕೂತ. ಅವನ ಕಾಲಕೆಳಗೆ ಇನ್ನೂ ಒಂದು ಸಾಲಿನ ಜಾಗ ಬೆಳ್ಳಗೆ ಕಾಣುತ್ತಿತ್ತು. "ಹೆದರಬೇಡಿ. ಖಂಡಿತ ಗುಣವಾಗುತ್ತದೆ" ಎಂದು ನಾನೇ ಹೊಸೆದು ತುಂಬಿದೆ. ಎಲ್ಲಕ್ಕಿಂತ ಕೆಳಗೆ, ನಾವು ಯಾವಾಗಲೂ ಹಾಕುವ ಸಣ್ಣಕ್ಷರ: ಅಕ್ಷರ ಮತ್ತು ವಿನ್ಯಾಸ, ಜ್ಯೋತಿ ಡಿಟಿಪಿ, ಮತ್ತಿಕೆರೆ. ಜೊತೆಗೆ ನನ್ನ ಮೊಬೈಲ್ ನಂಬರು.

ದೊಡ್ಡಮುನಿಯಪ್ಪನವರು ಪ್ರೂಫ್ ಕೈಗೆ ತೆಗೆದುಕೊಂಡು ಕಣ್ಣೊರೆಸಿಕೊಂಡರು. "ಒಳ್ಳೇ ಸರ್ಕಾರದೋರು ಮಾಡ್ಸಿದಂಗೆ ಐತೆ ಕಣಮ್ಮ." ನಾನು ಉಬ್ಬಿಹೋದೆ. ಆ ಭಾನುವಾರ ಅಕ್ಕನ ಮನೆಗೆ ಹೋದಾಗ ಅಚ್ಚು ಹಾಕಿದ ಐನೂರರಲ್ಲಿ ಉಳಿದಿದ್ದ ಇಪ್ಪತ್ತು ಪ್ರತಿ ಒಯ್ದು ಅವಳ ಕೈಗಿತ್ತೆ. "ಲೇಔಟ್ ನೋಡಕ್ಕ ಹೆಂಗಿದೆ! ನಿಮ್ ಇಲಾಖೆಯೋರಿಗಿಂತ ಚೆನ್ನಾಗಿ ಮಾಡಿದೀನಿ." ಅಕ್ಕ ಮುಖ ಅರಳಿಸಿ ನೋಡಿದಳು. ಅದರಲ್ಲಿ ಏನು ಬರೆದಿದೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕನ ಹೆಸರು ಮುನಿಕೃಷ್ಣಮ್ಮ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಸತ್ತಾಗ ನನಗೆ ಏಳು. ಆಮೇಲೆ ನನ್ನ ತಲೆ ಬಾಚಿದ್ದು, ಮುದ್ದೆ ತಿರುವಿ ಹಾಕಿದ್ದು, ಫೀಸು ಕಟ್ಟಿದ್ದು ಎಲ್ಲ ಅವಳೇ. ಭಾವ ಬಾಲರಾಜ್ ಬಸ್ ಡ್ರೈವರು, ಬಾಯಿಲ್ಲದ ಮನುಷ್ಯ. ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಅಕ್ಕ ನನ್ನನ್ನು ತೋರಿಸಿ, "ಇದೊಂದು ಕತ್ತೆ ಸಾಕಿದೀನಲ್ಲ, ಸಾಲ್ದಾ?" ಅನ್ನುತ್ತಿದ್ದಳು. ಅಂಗನವಾಡಿಯಲ್ಲಿ ಲಸಿಕೆಯ ದಿನ ತಾಯಂದಿರು ಹಿಂದೆಮುಂದೆ ನೋಡಿದರೆ, ಮಗುವನ್ನು ಇವಳೇ ತೊಡೆಯ ಮೇಲೆ ಹಾಕಿಕೊಂಡು, "ಒಂದ್ ಚುಚ್ಚು ಕಣ್ರವ್ವಾ, ಇರುವೆ ಕಚ್ದಂಗೆ" ಎಂದು ಒಪ್ಪಿಸುತ್ತಿದ್ದಳು. ಅಂಥವಳು.

ಎರಡು ಸಾವಿರದ ಹದಿನೇಳರ ಆಷಾಢದಲ್ಲಿ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ತನ್ನ ಎಡಗಡೆ ಎದೆಯ ಮೇಲೆ ಇಟ್ಟುಕೊಂಡಳು. "ಇಲ್ಲಿ ನೋಡು, ಅವರೆಕಾಳು ಇದ್ದಂಗೆ ಸಿಗ್ತದಲ್ವಾ?" ಸಿಕ್ಕಿತು.

ಮಾರನೆಯ ದಿನವೇ ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಮಾತಾಡಿದರು. "ಚಿಕ್ಕದಿದೆ, ಬೇಗ ಬಂದಿದೀರ. ಸೂಜಿ ಹಾಕಿ ಸ್ವಲ್ಪ ತೆಗೆದು ಟೆಸ್ಟ್ ಮಾಡ್ತೀವಿ. ಅದೇ ಆಗಿದ್ರೂ ಈಗ ಗುಣ ಮಾಡ್ಬಹುದು" ಅಂದರು. ಅಕ್ಕ ಎದ್ದು ನಿಂತಳು. "ನಾಳೆ ಬತ್ತೀವಿ ಮೇಡಂ" ಎಂದು ಹೊರಗೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದಳು.

"ಸೂಜಿ ಬ್ಯಾಡ ಕಣಮ್ಮಿ."

"ಯಾಕಂತೆ?"

"ಸೂಜಿ ತಾಕಿದ್ರೆ ಮೈಯೆಲ್ಲಾ ಅರಡ್ಬುಡ್ತದೆ."

"ಯಾವ ಬೇವರ್ಸಿ ಹೇಳ್ದ ನಿಂಗೆ?"

"ಬೇವರ್ಸಿ ಅಲ್ಲ, ಡಾಕ್ಟ್ರು ಏಳವ್ರೆ." ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಬಿಚ್ಚುವ ಮೊದಲೇ ಹಸಿರು ಬಾರ್ಡರು ಕಂಡಿತು.

ಅಲ್ಲೇ ಎಲ್ಲ ಹೇಳಿದೆ. ಫ್ಲೈಓವರಿನ ಗದ್ದಲದಲ್ಲಿ ಕಿರುಚಿ ಕಿರುಚಿ ಹೇಳಿದೆ. ಇದು ದೊಡ್ಡಮುನಿಯಪ್ಪ ನೆಟ್ಟಿನಿಂದ ತಂದದ್ದು, ಇವನು ಡಾಕ್ಟರಲ್ಲ, ಬರೀ ಚಿತ್ರ, ಜಾಗ ಉಳಿಯಿತೆಂದು ನಾನೇ ಅಂಟಿಸಿದ್ದು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ನಕ್ಕಳು.

"ನನ್ನ ಆಸ್ಪತ್ರೆಗೆ ಸೇರ್ಸಕ್ಕೆ ಏನ್ ಬೇಕಾದ್ರೂ ಏಳ್ತೀಯ ನೀನು. ಸುಳ್ಳು ಅಂತ ಗೊತ್ತಿದ್ರೆ ನೀನು ಅಚ್ಚು ಆಕ್ತಿದ್ಯಾ? ನಾನ್ ಸಾಕಿರೋ ಕೂಸು ಅಂಥಾ ಕೆಲ್ಸ ಮಾಡಲ್ಲ."

ನಾನು ನಂಬಿಕಸ್ಥೆ, ಆದ್ದರಿಂದ ಕಾಗದ ನಿಜ. ಕಾಗದ ನಿಜ, ಆದ್ದರಿಂದ ಈಗ ಹೇಳುತ್ತಿರುವುದು ಸುಳ್ಳು. ಅವಳ ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ.

ಅಂಗಡಿಗೆ ಎಳೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಫೈಲು ತೆಗೆದು ತೋರಿಸಿದೆ. ಮೌಸಿನಿಂದ ಡಾಕ್ಟರನ್ನು ಹಿಡಿದು ಅತ್ತ ಎಳೆದೆ, ಇತ್ತ ಎಳೆದೆ, ಅಳಿಸಿ ಅವನ ಜಾಗಕ್ಕೆ ಓಲಗದವನನ್ನು ಕೂರಿಸಿದೆ. "ನೋಡಕ್ಕ, ನೋಡು!" ಅಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಕನ್ನಡಿ ಹಿಡಿದರೂ ಅವಳಿಗೆ ಹುಣ್ಣು ಕಾಣಲಿಲ್ಲ. "ಅವ್ರುದ್ನ ನೋಡ್ಕೊಂಡು ನೀನ್ ಮಾಡಿರ್ತೀಯ, ಅಷ್ಟೆ" ಅಂದಳು.

"ಅವ್ರುದು ಅಂದ್ರೆ ಯಾರ್ದು?"

ಭಾವನ ಮೊಬೈಲಿನಲ್ಲಿ ಇದೆ ಎಂದಳು. ಸಂಜೆ ಹೋಗಿ ನೋಡಿದೆ. ಒಂದು ಕನ್ನಡ ಆರೋಗ್ಯ ಜಾಲತಾಣ. ಅದರ ಹೆಸರು ಬರೆದು ಅದಕ್ಕೆ ಇನ್ನೂ ನಾಲ್ಕು ಓದುಗರನ್ನು ದಾನ ಮಾಡುವುದಿಲ್ಲ. ನನ್ನ ಕರಪತ್ರವನ್ನು ಯಾರೋ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟಿದ್ದಾರೆ. ಅಲ್ಲಿಂದ ಇವರು ಎತ್ತಿದ್ದಾರೆ. ಅಕ್ಷರಕ್ಕಕ್ಷರ ನನ್ನ ಕನ್ನಡ. ನನ್ನ ಡಾಕ್ಟರು. ಈಗ ಅವನಿಗೆ ಹೆಸರಿತ್ತು, ಡಿಗ್ರಿಗಳಿದ್ದವು, "ಮೂವತ್ತು ವರ್ಷಗಳ ಅನುಭವಿ ತಜ್ಞರು ಹೇಳುತ್ತಾರೆ" ಎಂದಿತ್ತು. ಆ ಹೆಸರನ್ನೂ ಬರೆಯುವುದಿಲ್ಲ. ಆ ಹೆಸರಿನ ನಿಜವಾದ ಡಾಕ್ಟರು ಎಲ್ಲಾದರೂ ಇದ್ದರೆ ಪಾಪ, ಅವರೇನು ಮಾಡಿದರು? ಕೊನೆಯಲ್ಲಿ, ಹೆದರಬೇಡಿ, ಖಂಡಿತ ಗುಣವಾಗುತ್ತದೆ. ನಲವತ್ತು ಸಾವಿರ ಜನ ಹಂಚಿಕೊಂಡಿದ್ದರು.

ಎರಡು ವಾರ ಅಂಗಡಿಯ ಕೆಲಸ ಬಿಟ್ಟು ಅದೇ ಕೆಲಸ ಮಾಡಿದೆ. ಆ ತಾಣ ಯಾರದ್ದು ಎಂದು ಹುಡುಕಿದೆ. ವಿಳಾಸವಿಲ್ಲ, ಬರೆದವರ ಹೆಸರಿಲ್ಲ. ಲೇಖನದ ತಾರೀಕು ದಿನಾ ಬೆಳಗ್ಗೆ ತಾನೇ ಇವತ್ತಿನ ತಾರೀಕಾಗುತ್ತಿತ್ತು. ಫಾರಿನ್ ಯೂನಿವರ್ಸಿಟಿ ಎಂದಿದ್ದ ಕಡೆ ಒತ್ತಿದರೆ ತೂಕ ಇಳಿಸುವ ಪುಡಿಯ ಜಾಹೀರಾತು ತೆರೆಯುತ್ತಿತ್ತು. ಡಾಕ್ಟರ ಫೋಟೋ ಹಾಕಿ ಹುಡುಕಿದೆ. ಅದೇ ಮುಖ ಯಾವುದೋ ದೇಶದಲ್ಲಿ ಹಲ್ಲುಜ್ಜುವ ಬ್ರಷ್ಷು ಮಾರುತ್ತಿತ್ತು. ಇದು ಸುಳ್ಳು, ತೆಗೆಯಿರಿ ಎಂದು ಅವರಿಗೆ ಬರೆದೆ. "ನಿಮ್ಮ ಅಮೂಲ್ಯ ಪ್ರತಿಕ್ರಿಯೆಗೆ ಧನ್ಯವಾದಗಳು. ಇಂಥ ಇನ್ನಷ್ಟು ಮಾಹಿತಿಗೆ ನಮ್ಮ ಪುಟವನ್ನು ಲೈಕ್ ಮಾಡಿ" ಎಂದು ಉತ್ತರ ಬಂತು. ಗಾಳಿ ಗುದ್ದಿ ಮೈ ನೋಯಿಸಿಕೊಂಡಿದ್ದೇ ಬಂತು.

ಇವೆಲ್ಲವನ್ನೂ ಒಂದು ಪಟ್ಟಿ ಮಾಡಿ, ಪ್ರಿಂಟ್ ತೆಗೆದು ಅಕ್ಕನಿಗೆ ಒಯ್ದೆ. ಬಾರ್ಡರ್ ಇಲ್ಲ, ಚಿತ್ರ ಇಲ್ಲ. ಹನ್ನೊಂದು ಅಂಶ. ಅಕ್ಕ ಬಾಗಿಲಲ್ಲಿ ಕೂತು ಅಂಗನವಾಡಿಯ ಅಕ್ಕಿ ಆರಿಸುತ್ತಿದ್ದಳು. ನಾನು ನಿಂತುಕೊಂಡೇ ಒಂದೊಂದಾಗಿ ಓದಿದೆ. ಓದುತ್ತಾ ಓದುತ್ತಾ ದನಿ ಏರಿತು. "ಹಲ್ಲುಜ್ಜೋ ಬ್ರಷ್ ಮಾರೋನ್ ಮಾತು ಕೇಳ್ಕೊಂಡು ಸಾಯ್ತೀಯಾ? ಊರ ಮಕ್ಕಳಿಗೆಲ್ಲಾ ಸೂಜಿ ಹಾಕಿಸ್ತೀಯ, ನಿಂಗೊಂದ್ ಸೂಜಿ ಹಾಕಿಸ್ಕೊಳ್ಳೋ ಯೋಗ್ಯತೆ ಇಲ್ವಾ?" ಎಂದುಬಿಟ್ಟೆ. ಅಕ್ಕ ತಲೆ ಎತ್ತಲಿಲ್ಲ. ಮೊರದಲ್ಲಿ ಅವಳ ಬೆರಳು ಆಡುತ್ತಲೇ ಇತ್ತು.

"ಇಟ್ಟೋಗು, ಓದ್ತೀನಿ" ಅಂದಳು.

ಇಟ್ಟು ಬಂದೆ. ನನ್ನ ಕೆಲಸ ಮುಗಿಯಿತು ಎಂಬ ಹಾಗೆ, ದುರಹಂಕಾರದಿಂದ ಬಂದೆ.

ಅಕ್ಕ ಆಸ್ಪತ್ರೆಗೆ ಬರಲಿಲ್ಲ. ದೊಡ್ಡಮುನಿಯಪ್ಪನವರ ಮನೆಗೆ ಹೋದೆ. ನೀವೇ ಬಂದು ನಮ್ಮಕ್ಕನಿಗೆ ಹೇಳಿ, ಅದರಲ್ಲಿ ಯಾವ ಡಾಕ್ಟರೂ ಇಲ್ಲ ಎಂದು ಹೇಳಿ ಎಂದು ಕೈಮುಗಿದೆ. ಅವರು ಕನ್ನಡಕ ಹಾಕಿಕೊಂಡು ಮೊಬೈಲು ತೆಗೆದರು.

"ಎಂಗಮ್ಮ ಇಲ್ಲ ಅಂತೀಯ? ನೋಡು, ನೆಟ್ಟಲ್ಲೇ ಬಂದೈತೆ. ಡಾಕ್ಟ್ರ ಹೆಸ್ರು ಸಮೇತ ಐತೆ. ನಾನ್ ಆಕ್ಸಿದ್ದು ಸರೀಗೇ ಇತ್ತು."

"ಅಂಕಲ್, ಅದು ನಮ್ಮದನ್ನೇ ನೋಡಿ ಹಾಕಿರೋದು! ನೀವು ನೆಟ್ಟಿಂದ ನಂಗೆ ತಂದ್ರಿ, ನನ್ನಿಂದ ನೆಟ್ಟಿಗೆ ಹೋಯ್ತು, ಈಗ ನೆಟ್ಟಿಂದ ಮತ್ತೆ ನಂಗೇ ತೋರಿಸ್ತಿದೀರ. ಗಾಣದೆತ್ತು ಸುತ್ತಿದಂಗೆ!"

"ಕೂಗಾಡ್ಬ್ಯಾಡ ತಾಯಿ. ನಮ್ಮೋಳಿಗೆ ಸೂಜಿ ಆಕುದ್ರು, ಆಪರೇಷನ್ ಮಾಡುದ್ರು, ಬಾಟ್ಲು ಬಾಟ್ಲು ಏರ್ಸುದ್ರು. ಆರೇ ತಿಂಗ್ಳು. ನಾನ್ ಕಣ್ಣಾರೆ ಕಂಡೀನಿ." ಕನ್ನಡಕ ತೆಗೆದು ಒರೆಸಿಕೊಂಡರು. "ಅವತ್ತು ಈ ಎಲೆ ಗೊತ್ತಿದ್ದಿದ್ರೆ ನಮ್ಮೋಳು ಉಳೀತಿದ್ಲು."

ಕೆಟ್ಟವರಾಗಿದ್ದರೆ ಬಾಯಿಗೆ ಬಂದ ಹಾಗೆ ಬೈದು ಬರುತ್ತಿದ್ದೆ. ಎದುರಿಗೆ ಒಬ್ಬ ಮುದುಕ ಹೆಂಡತಿಯ ಫೋಟೋ ಕೆಳಗೆ ಕೂತು ಅಳುತ್ತಿದ್ದ. ಎದ್ದು ಬಂದೆ.

ಅಕ್ಕ ಕಷಾಯ ಕುಡಿದಳು. ಭಾವ ಹಿತ್ತಲಲ್ಲಿ ಡ್ರಮ್ಮಿನಲ್ಲಿ ಲಕ್ಷ್ಮಣಫಲದ ಗಿಡ ಹಾಕಿದರು, ಅದು ಸಾಲದೆ ಎಲ್ಲೆಲ್ಲಿಂದಲೋ ಎಲೆ ತಂದರು. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳ ಅಡುಗೆ ಒಲೆಯ ಮೇಲಿರುವಾಗ ತನ್ನ ಕಷಾಯ ಕುದಿಸುವುದಕ್ಕೆ ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಗಡ್ಡೆ ಮೆತ್ತಗಾಗುತ್ತಿದೆ ಅನ್ನುತ್ತಿದ್ದಳು. ನಾನು ಮೊದಮೊದಲು ಜಗಳವಾಡಿದೆ, ಒಂದು ತಿಂಗಳು ಮಾತು ಬಿಟ್ಟೆ, ಮತ್ತೆ ಹೋದೆ. ಒಂದು ದಿನ ಅವಳು ಮುಟ್ಟಿ ನೋಡು ಅಂದಾಗ ಮುಟ್ಟಿದೆ. ನಿಜ ಹೇಳುತ್ತೇನೆ, ನನಗೂ ಚಿಕ್ಕದಾದ ಹಾಗೇ ಅನ್ನಿಸಿತು. ಹನ್ನೊಂದು ಅಂಶದ ಪಟ್ಟಿ ಬರೆದ ಈ ಮಹಾಜಾಣೆಗೆ, ಅನ್ನಿಸಿತು. ಬಸ್ಸಿನಲ್ಲಿ ಬರುತ್ತಾ, ಯಾರಿಗೆ ಗೊತ್ತು, ಇದ್ದರೂ ಇರಬಹುದು ಅಂದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಅವಳಿಗೆ ಬೆನ್ನು ಹಿಡಿದುಕೊಂಡಿತು. ಅಂಗನವಾಡಿಯ ಪಾತ್ರೆ ಎತ್ತಲಾಗಲಿಲ್ಲ. ಎದೆಯ ಚರ್ಮ ಒಡೆದು ಕೀವು ಬಂತು. ವಾಸನೆ ತಡೆಯಲು ರವಿಕೆಯೊಳಗೆ ಹಳೆ ಸೀರೆಯ ತುಂಡು ಇಟ್ಟುಕೊಳ್ಳುತ್ತಿದ್ದಳು. ಆಗ ಭಾವ ನನಗೆ ಫೋನ್ ಮಾಡಿ ಅತ್ತರು. ಅಕ್ಕನನ್ನು ಆಟೋಗೆ ಹತ್ತಿಸಿದೆ. ಈ ಸಲ ಅವಳು ನನ್ನ ಭುಜ ಹಿಡಿದುಕೊಂಡು ಬಂದಳು.

ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಎಲ್ಲ ಪರೀಕ್ಷೆ ಮುಗಿಸಿ ಎರಡು ದಿನದ ಮೇಲೆ ಕೂರಿಸಿಕೊಂಡು ಹೇಳಿದರು. ಮೂಳೆಗೆ ಹೋಗಿದೆ, ಲಿವರಿಗೂ ಹೋಗಿದೆ. ನೋವು ಕಡಿಮೆ ಮಾಡಬಹುದು, ಅಷ್ಟೆ. ಹಳೆಯ ಚೀಟಿ ತಿರುವಿ ನೋಡಿದರು.

"ಎಂಟು ತಿಂಗಳು. ಅವತ್ತು ನಾಳೆ ಬರ್ತೀನಿ ಅಂದವರು ಯಾಕೆ ಬರಲಿಲ್ಲ ಅಮ್ಮ?"

ಅಕ್ಕ ಪರ್ಸಿನಿಂದ ಕಾಗದ ತೆಗೆದು ಕೊಟ್ಟಳು. ಮಡಿಕೆಯ ಗೆರೆಗಳಲ್ಲಿ ಹರಿದು ಹಿಂದೆ ಟೇಪು ಅಂಟಿಸಿದ್ದಳು. ಡಾಕ್ಟರಮ್ಮ ಪೂರ್ತಿ ಓದಿದರು. ಅವರ ಕಿವಿ ಕೆಂಪಾಯಿತು.

"ಸೂಜಿಯಿಂದ ಹೀಗೆಲ್ಲಾ ಹರಡಲ್ಲ ಅಮ್ಮ. ಯಾರ್ರೀ ಇದನ್ನ ಮಾಡಿದ್ದು? ಎಷ್ಟು ನೀಟಾಗಿ ಮಾಡಿದ್ದಾರೆ ನೋಡಿ, ಹಾಳಾದವರು. ಕೆಳಗಡೆ ಪ್ರಿಂಟ್ ಹಾಕಿದವರ ಹೆಸರು ಇರುತ್ತಲ್ವಾ?"

ಕಾಗದ ತಿರುಗಿಸಿ ನೋಡಿದರು. ಹೆಸರಿರಲಿಲ್ಲ. ಡಾಕ್ಟರ ಫೋಟೋದ ಕೆಳಗೆ, ಹೆದರಬೇಡಿ ಎಂಬ ಸಾಲಿನ ಕೆಳಗೆ, ಕಾಗದವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಲಾಗಿತ್ತು.

"ಗೊತ್ತಿಲ್ಲ ಮೇಡಂ" ಅಂದಳು ಅಕ್ಕ. "ಯಾರೋ ಬಸ್‌ಸ್ಟಾಪಲ್ಲಿ ಅಂಚ್ತಿದ್ರು."

ನಾನು ಬಾಯಿ ಬಿಡಬೇಕಿತ್ತು. ನಾನೇ ಮೇಡಂ, ನನ್ನ ಕೈಯ್ಯಾರೆ ಮಾಡಿದ್ದು ಎನ್ನಬೇಕಿತ್ತು. ಜೋರುಬಾಯಿಯವಳು, ಮತ್ತಿಕೆರೆಯ ಬೀದಿಯನ್ನೆಲ್ಲ ನಡುಗಿಸುವವಳು, ತುಟಿ ಎರಡು ಮಾಡಲಿಲ್ಲ. ಥೂ ನನ್ನ ಜನ್ಮಕ್ಕೆ.

ವಾರ್ಡಿನಲ್ಲಿ ಮಲಗಿಸಿದ ಮೇಲೆ, ಭಾವ ಔಷಧಿ ತರಲು ಹೋದಾಗ, ಅವಳ ಕಾಲು ಒತ್ತುತ್ತಾ ಕೇಳಿದೆ.

"ಯಾವಾಗ ಕತ್ತರಿಸ್ದೆ ಅಕ್ಕಾ?"

"ನೀನು ಪಟ್ಟಿ ತಂದು ಓದ್ದಲ್ಲ, ಅವತ್ತೇ. ನೀನ್ ಓದ್ಮೇಲೆ." ಉಸಿರು ಎಳೆದುಕೊಂಡು ಹೇಳಿದಳು. "ಯಾರಾದ್ರೂ ನೋಡಿ ನಿನ್ನ ಇಡ್ಕೊಂಡ್ರೆ ಅಂತ."

ಅಂದರೆ ಅವಳಿಗೆ ಗೊತ್ತಾಗಿತ್ತು. ಅವತ್ತೇ ಗೊತ್ತಾಗಿತ್ತು. ಅವರೆಕಾಳು ಇನ್ನೂ ಅವರೆಕಾಳಾಗಿದ್ದಾಗ.

"ಮತ್ಯಾಕ್ ಅಕ್ಕ? ಸುಳ್ಳು ಅಂತ ಗೊತ್ತಾದ್ಮೇಲೂ ಯಾಕ್ ಬರ್ಲಿಲ್ಲ?" ನಾನು ಅಳುತ್ತಾ ಅವಳ ಪಾದ ಹಿಡಿದು ಅಲ್ಲಾಡಿಸಿದೆ.

"ಎದ್ರಿಕೆ ಕಣಮ್ಮಿ. ಅಮ್ಮ ಆಸ್ಪತ್ರೆಗೆ ಓಗಿ ಬರ್ಲಿಲ್ವಲ್ಲ. ನೀನು ಕೂಗಾಡ್ದೆ, ನಿಮ್ ಭಾವ ಮೂಲೇಲಿ ಕೂತು ಅತ್ರು. ಆ ಕಾಗ್ದ ಒಂದ್ರಲ್ಲೇ ಎದ್ರಬ್ಯಾಡಿ ಅಂತ ಇತ್ತು. ದಿನಾ ತೆಗ್ದು ಅದೊಂದ್ ಸಾಲು ಓದ್ಕೋತಿದ್ದೆ." ನನ್ನ ಕಡೆ ತಿರುಗಿದಳು. "ಅದೂ ನೀನೇ ಬರ್ದಿದ್ದಾ?"

"ಹೂಂ ಅಕ್ಕ."

"ಚೆನ್ನಾಗ್ ಬರ್ದಿದ್ದೆ" ಅಂದಳು.

ಎಂಟು ತಿಂಗಳಲ್ಲಿ ನಾನು ಒಂದು ಸಲವಾದರೂ ಅವಳ ಪಕ್ಕ ಕೂತು ಆ ಮಾತು ಹೇಳಿದ್ದೆನೇ ಎಂದು ಹುಡುಕಿದೆ. ಇರಲಿಲ್ಲ. ಕಾಗದದ ಮೇಲೆ ಜಾಗ ಉಳಿದಾಗ, ಮುಖ ಕಾಣದ ಐನೂರು ಜನಕ್ಕೆ ಬರೆದಿದ್ದೆ. ಇವಳಿಗೆ ಬರೀ ಅಂಶಗಳನ್ನು ಓದಿದ್ದೆ. ಅವತ್ತು ಅವಳ ತಲೆಯ ಹತ್ತಿರ ಹೋಗಿ, "ಹೆದರ್ಬೇಡ ಅಕ್ಕ" ಅಂದೆ. ಅವಳು ಆಗಲೇ ನಿದ್ದೆ ಹೋಗಿದ್ದಳು.

ಶ್ರಾವಣದ ಎರಡನೆಯ ವಾರ ಅಕ್ಕ ಸತ್ತಳು. ತಿಥಿಗೆ ನಾನು ಏನನ್ನೂ ಅಚ್ಚು ಹಾಕಿಸಲಿಲ್ಲ. ಭಾವ ಸ್ಟೀಲ್ ಲೋಟ ಹಂಚಿದರು.

ಈಗಲೂ ನನ್ನ ನಂಬರಿಗೆ ಫೋನು ಬರುತ್ತದೆ. ನಮ್ಮ ಕರಪತ್ರದ ಫೋಟೋ ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ, ಕೆಳಗಿನ ಸಾಲನ್ನು ಅಲ್ಲಿ ಯಾರೂ ಕತ್ತರಿಸಿಲ್ಲ. ಜನ ಅದನ್ನು ಡಾಕ್ಟರ ನಂಬರು ಅಂದುಕೊಳ್ಳುತ್ತಾರೆ. ನಂಬರು ಬದಲಾಯಿಸು ಅಂದರು ಭಾವ. ಬದಲಾಯಿಸಲಿಲ್ಲ. ಒಬ್ಬರನ್ನಾದರೂ ತಡೆಯಬಹುದಲ್ಲ, ಒಬ್ಬಳಾದರೂ ಸೂಜಿ ಹಾಕಿಸಿಕೊಂಡು ಬದುಕಬಹುದಲ್ಲ ಎಂದು ಇಟ್ಟುಕೊಂಡಿದ್ದೇನೆ. ಈಗ ಕೂಗಾಡುವುದಿಲ್ಲ. ಮೊದಲು ಹೆದರಬೇಡಿ ಅನ್ನುತ್ತೇನೆ, ಆಮೇಲೆ ನಿಜ ಹೇಳುತ್ತೇನೆ.

ಹೋದ ಸೋಮವಾರ ಬೆಳಗ್ಗೆ ಒಬ್ಬರು ಫೋನ್ ಮಾಡಿದ್ದರು. ಮೆತ್ತಗಿನ ದನಿ. ಅವರ ಹೆಂಡತಿಗೆ ಬಲಗಡೆ ಎದೆಯಲ್ಲಿ ಗಡ್ಡೆಯಂತೆ, ಕಡಲೆಕಾಳಿನಷ್ಟು. ಎಲೆ ಎಲ್ಲಿ ಸಿಗುತ್ತದೆ ಮೇಡಂ ಎಂದು ಕೇಳಿದರು. ನಾನು ಅಂಗಡಿಯ ಬಾಗಿಲು ಎಳೆದುಕೊಂಡು, ಸ್ಟೂಲಿನ ಮೇಲೆ ಕೂತು, ನಿಧಾನವಾಗಿ ಎಲ್ಲ ಹೇಳಿದೆ. ಡಾಕ್ಟರು ಬರೀ ಫೋಟೋ ಎಂದೆ. ನಾನೇ ಅಂಟಿಸಿದ್ದು ಎಂದೆ. ಹೆದರಬೇಡಿ, ಈಗಲೇ ಹೋದರೆ ಗುಣ ಮಾಡುತ್ತಾರೆ, ಇವತ್ತೇ ಕರೆದುಕೊಂಡು ಹೋಗಿ ಎಂದೆ. ನನ್ನ ಸ್ವಂತ ಅಕ್ಕ ಇದನ್ನೇ ನಂಬಿ ಕುಡಿದು ಕುಡಿದು ಸತ್ತಳು ಎಂದೆ.

ಆ ಕಡೆ ಅವರು ಹೆಂಡತಿಗೆ ಏನೋ ಹೇಳುವುದು ಕೇಳಿಸಿತು. ಆ ಮನುಷ್ಯನಿಗೆ ಅರ್ಥವಾಯಿತು ಅಂದುಕೊಂಡೆ.

"ಅಯ್ಯೋ ಪಾಪ" ಅಂದರು ಆಮೇಲೆ. "ನಿಮ್ಮಕ್ಕ ದಿನಕ್ಕೆ ಎಷ್ಟೊತ್ತು ಕುಡೀತಿದ್ರು ಮೇಡಂ?"

"ಎರಡ್ ಹೊತ್ತು."

"ಅದಕ್ಕೇ ನೋಡಿ" ಅಂದರು ಅವರು, ನಿಜವಾದ ಕನಿಕರದಿಂದ. "ಮೂರೊತ್ತು ಕುಡೀಬೇಕು ಅಂತ ಇದ್ರಲ್ಲೇ ಬರ್ದವ್ರಲ್ಲ ಮೇಡಂ."